ಎಲ್ಮೆರನ ಬಲಗಾಲು

ರೆಡೊಂಡೊ ಬೀಚ್
ಫೆಬ್ರವರಿ 9, 2021

ಸುಜಿತ್,

ಇವತ್ತು ಬೆಳಿಗ್ಗೆ ನಿನಗೆ ಫೋನ್ ಮಾಡಿ ತಡವರಿಸುತ್ತ ಇಂಗ್ಲಿಷ್ ಮಾತಾಡಿದವನು ಯಾರೆಂದು ತಿಳಿಸಲು ಬರೆಯುತ್ತಿದ್ದೇನೆ. ನಿನ್ನ ನಂಬರ್ ಕೊಟ್ಟದ್ದು ನಾನೇ. ನಾನೇ ಫೋನ್ ಮಾಡಬಹುದಿತ್ತು. ಆದರೆ ಅಪ್ಪ ಹೋದ ಮೇಲೆ ನಾವು ಒಂದೇ ಸಲ ಮಾತಾಡಿದ್ದು, ಅದು ಹೇಗೆ ಮುಗಿಯಿತೆಂದು ನಿನಗೂ ನೆನಪಿರಬಹುದು. ಕಾಗದದಲ್ಲಾದರೆ ಬೇಡದ ಮಾತಿಗೆ ಮೊದಲು ಕೈ ನಿಲ್ಲುತ್ತದೆ.

ಅವನ ಹೆಸರು ಎಲ್ಮೆರ್ ಕಾಂಡೋರಿ. ಪೆರು ದೇಶದವನು, ಫುಟ್‌ಬಾಲ್ ಆಡುವುದೇ ಅವನ ಉದ್ಯೋಗ. ಇಲ್ಲಿ ಅಮೆರಿಕದ ಎರಡನೇ ದರ್ಜೆಯ ಲೀಗಿನ ಕ್ಲಬ್ಬೊಂದು ಕಳೆದ ವರ್ಷದ ಆರಂಭದಲ್ಲಿ ಅವನನ್ನು ಕರೆಸಿಕೊಂಡಿತು. ಮರುತಿಂಗಳೇ ಎಲ್ಲ ಬಂದ್ ಆಯಿತು. ಹಿತ್ತಿಲ ಕೋಣೆಯನ್ನು ಅವನಿಗೆ ಬಾಡಿಗೆಗೆ ಕೊಟ್ಟದ್ದು ಅಪ್ಪ. ಎಲ್ ಸೆಗುಂಡೋದ ಕಾರ್ಖಾನೆಯ ಕೆಲಸ ಮುಗಿಸಿ ಬಂದವರೇ ಚಾ ಹಿಡಿದು ಹಿತ್ತಿಲಲ್ಲಿ ಕೂತು, ಅವನು ಗೋಡೆಗೆ ಚೆಂಡು ಒದೆಯುವುದನ್ನು ನೋಡುತ್ತಿದ್ದರು. ಆಮೇಲೆ ಅಪ್ಪ ಕೊರೊನಾ ಬಂದು ಆಸ್ಪತ್ರೆ ಸೇರಿದಾಗ ನನ್ನ ಬಾಗಿಲಿಗೆ ಅಕ್ಕಿ, ಹಾಲು ತಂದಿಟ್ಟವನು ಅವನೇ.

ಅವನ ಊರು ಇಲೋ. ನಮ್ಮ ಮಲ್ಪೆಯ ಹಾಗೆ ಮೀನಿನ ಊರಂತೆ. ತಾಯಿ ಬಂದರಿನಲ್ಲಿ ಮೀನು ಸೀಳುವ ಕೆಲಸದವಳು. ಅವಳಿಗೂ ಈಗ ಕೊರೊನಾ, ಉಸಿರು ಸಿಗುತ್ತಿಲ್ಲ. ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ. ತಂಗಿ ಆಕ್ಸಿಜನ್ ಹುಡುಕಿಕೊಂಡು ಊರೆಲ್ಲ ತಿರುಗುತ್ತಿದ್ದಾಳೆ.

ವರ್ಷವಿಡೀ ಸ್ಯಾನ್ ಡಿಯಾಗೋದ ಆಸ್ಪತ್ರೆಯಲ್ಲಿ ಪರರ ಉಸಿರಾಟದ ಯಂತ್ರ ನೋಡಿಕೊಂಡವನು ನೀನು. ನನಗೆ ಬೇರೆ ಯಾರ ಹೆಸರೂ ಹೊಳೆಯಲಿಲ್ಲ. ಆದಷ್ಟು ಮಾಡು. ನನಗೋಸ್ಕರ ಬೇಡ, ಅವನಿಗೋಸ್ಕರ.

ವನಜಾಕ್ಷಿ


ಸ್ಯಾನ್ ಡಿಯಾಗೋ
ಫೆಬ್ರವರಿ 21, 2021

ಅಮ್ಮಾ,

ಎಲ್ಮೆರನ ತಾಯಿ ತೀರಿಕೊಂಡದ್ದು ನಿನಗೆ ಗೊತ್ತಾಗಿದೆ. ಆದರೂ ನಡೆದದ್ದನ್ನು ನಾನೇ ಹೇಳಬೇಕೆಂದು ಬರೆಯುತ್ತಿದ್ದೇನೆ. ಆರನೇ ಕ್ಲಾಸಿನ ನಂತರ ಕನ್ನಡ ಬರೆದವನಲ್ಲ, ತಪ್ಪಿದ್ದರೆ ತಿದ್ದಿಕೊಂಡು ಓದು.

ತಂಗಿ ನೆಲ್ಲಿ ಫೋನನ್ನು ತಾಯಿಯ ಮುಖದ ಮೇಲೆ ಹಿಡಿಯುತ್ತಿದ್ದಳು. ಹೇಗೆ ಬೋರಲು ಮಲಗಿಸುವುದು, ಎದೆಯ ಕೆಳಗೆ ಎಲ್ಲಿ ದಿಂಬು ಇಡುವುದು ಎಂದು ನಾನು ನನ್ನ ಹಾಸಿಗೆಯ ಮೇಲೆ ಮಲಗಿ ತೋರಿಸುತ್ತಿದ್ದೆ. ಎಲ್ಮೆರ್ ನಿನ್ನ ಹಿತ್ತಿಲಿನಿಂದ ಸ್ಪ್ಯಾನಿಷಿನಲ್ಲಿ ಹೇಳುತ್ತಿದ್ದ. ಮೂರು ದಿನ ಸ್ವಲ್ಪ ಚೇತರಿಸಿಕೊಂಡಳು. ಬಹಳ ಕಷ್ಟಪಟ್ಟು ತಂದ ಸಿಲಿಂಡರ್ ಅರ್ಧ ಖಾಲಿಯಿತ್ತು.

ಕೊನೆಯ ಹೊತ್ತಿಗೆ ಅವನು ಕೇಳಿದ, "ಈಗ ನಾನು ಏನು ಮಾಡ್ಲಿ?"

"ಮಾತಾಡ್ತಾ ಇರು. ಕೇಳಿಸುತ್ತೆ" ಅಂದೆ.

ಅವನು ಏನು ಹೇಳುತ್ತಿದ್ದಾನೆಂದು ನನಗೆ ಆಗ ತಿಳಿಯಲಿಲ್ಲ. ಆಮೇಲೆ ಹೇಳಿದ. ಇಲ್ಲಿ ತಾನು ಹೊಡೆದ ಮೊದಲ ಗೋಲಿನ ವಿಷಯವಂತೆ. ಸ್ಟೇಡಿಯಂ ಕಿಕ್ಕಿರಿದಿತ್ತು, ಜನ ಎದ್ದು ನಿಂತು ನನ್ನ ಹೆಸರು ಕೂಗಿದರು ಅಮ್ಮಾ ಎಂದು ಹೇಳಿದನಂತೆ. ಕಳೆದ ವರ್ಷ ಸ್ಟೇಡಿಯಂನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಅವನು ಊರಿಗೆ ಹೋಗುವಂತಿಲ್ಲ. ಹೋದರೆ ತಿರುಗಿ ಬರಲು ಬಿಡುತ್ತಾರೋ ಇಲ್ಲವೋ. ಅವನಿಗೆ ಊಟ ಹಾಕು.

ಅಪ್ಪನ ವಿಷಯ ಬರೆದಿದ್ದೆ. ಆ ಹಾಳೆ ಹರಿದೆ.

ಸುಜಿತ್


ರೆಡೊಂಡೊ ಬೀಚ್
ಜುಲೈ 18, 2021

ಸುಜಿತ್,

ನೀನು ಹೇಳುವ ಮೊದಲೇ ಊಟ ಹಾಕುತ್ತಿದ್ದೆ. ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡಿದರೆ ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಬಿಡದೆ ತಿನ್ನುತ್ತಾನೆ. ಮುಳ್ಳು ಬಿಡಿಸುವುದನ್ನು ನೋಡಿದರೆ ಮೀನಿನವರ ಮನೆಯವನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಈಗೀಗ ಸೆನ್ಯೋರಾ ಬಿಟ್ಟು 'ಅಮ್ಮ' ಅನ್ನುತ್ತಾನೆ.

ಜನರನ್ನು ಮತ್ತೆ ಒಳಗೆ ಬಿಡುತ್ತಿದ್ದಾರೆಂದು ನನ್ನನ್ನೂ ಆಟಕ್ಕೆ ಕರೆದ. ಹೋದೆ. ಎಲ್ಲರೂ ಚೆಂಡು ನೋಡುತ್ತಿದ್ದರು, ನಾನು ಅವನನ್ನೇ ನೋಡಿದೆ. ಅವನು ವಿಂಗರ್, ಎಂದರೆ ಅಂಚಿನಲ್ಲಿ ಆಡುವವನು. ಬಲಗಡೆಯ ಬಿಳಿ ಗೆರೆಗೆ ಅಂಟಿಕೊಂಡೇ ಇರುತ್ತಾನೆ. ಎಷ್ಟೋ ಹೊತ್ತು ಅವನ ಕಡೆ ಚೆಂಡೇ ಬರುವುದಿಲ್ಲ. ಕೈ ಎತ್ತುತ್ತಾನೆ, ಯಾರೂ ಕೊಡುವುದಿಲ್ಲ, ಕೈ ಇಳಿಸುತ್ತಾನೆ. ಕೊನೆಗೆ ಚೆಂಡು ಬಂತು. ಅದನ್ನು ಕಾಲಡಿಯಲ್ಲಿ ಹಿಡಿದು ಸುಮ್ಮನೆ ನಿಂತುಬಿಟ್ಟ. ಎದುರಿನವನೂ ನಿಂತ. ಅವನು ನಿಂತದ್ದೇ ತಡ, ಇವನು ಬಲಗಾಲು ಊರಿ ತಿರುಗಿದವನೇ ಮಾಯ. ನನ್ನ ಪಕ್ಕದ ಹೆಂಗಸು, "ನಿಮಗೇನಾಗಬೇಕು ಅವನು?" ಎಂದು ಕೇಳಿದಳು. ನಮ್ಮ ಮನೆಯ ಹುಡುಗ ಎಂದೆ.

ಸೆಪ್ಟೆಂಬರ್ ಕೊನೆಗೆ ಅವನ ದೇಶದ ತಂಡದ ಶಿಬಿರಕ್ಕೆ ಬರಹೇಳಿದ್ದಾರೆ. ಲೀಮಾದಲ್ಲಿ. ಇಪ್ಪತ್ತೈದು ವರ್ಷದವನು ಸುದ್ದಿ ಹೇಳುವಾಗ ಮಗುವಿನ ಹಾಗೆ ನನ್ನ ಸೆರಗು ಹಿಡಿದುಕೊಂಡಿದ್ದ.

ಅಪ್ಪನ ವಿಷಯ ಬರೆದು ಹರಿದೆ ಅಂದಿದ್ದೆ. ಹರಿದದ್ದೇ ಒಳ್ಳೆಯದಾಯಿತು. ಯಂತ್ರ ನಿಲ್ಲಿಸಿ ಎಂದು ಇನ್ನೊಂದು ಊರಿನಿಂದ ಫೋನಿನಲ್ಲಿ ಹೇಳಿದವನು ನೀನು. ಅದಕ್ಕೆ ಯಾವ ಕಾಗದ ಸಾಕಾಗುತ್ತದೆ?

ಅಮ್ಮ


ರೆಡೊಂಡೊ ಬೀಚ್
ಸೆಪ್ಟೆಂಬರ್ 20, 2021

ಸುಜಿತ್,

ಎಲ್ಮೆರ್ ಬಿದ್ದ. ಲೀಮಾಕ್ಕೆ ಹೊರಡಲು ಒಂದು ವಾರವಿತ್ತು.

ಯಾರೂ ಮುಟ್ಟಲಿಲ್ಲ, ಯಾರೂ ತಳ್ಳಲಿಲ್ಲ. ಯಾವಾಗಲೂ ತಿರುಗುವ ಹಾಗೆಯೇ ತಿರುಗಿದ. ಪಾದ ಹುಲ್ಲಿನಲ್ಲಿ ನಿಂತಿತು, ಮೈ ತಿರುಗಿತು. ಕೂಗಲೂ ಇಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮಲಗಿದ್ದ. ಆಟ ಇನ್ನೊಂದು ಬದಿಯಲ್ಲಿ ನಡೆಯುತ್ತಲೇ ಇತ್ತು, ಅವನು ಬಿದ್ದದ್ದು ಯಾರಿಗೂ ಗೊತ್ತಿರಲಿಲ್ಲ. ನಾನು ಎದ್ದು ನಿಂತು, "ಅಯ್ಯೋ, ಅಲ್ಲಿ ನೋಡಿ, ಅವ ಬಿದ್ದಿದ್ದಾನೆ!" ಎಂದು ಕನ್ನಡದಲ್ಲೇ ಬೊಬ್ಬೆ ಹೊಡೆದೆ.

ಬಲ ಮಂಡಿಯೊಳಗಿನ ಲಿಗಮೆಂಟ್ ಹರಿದಿದೆಯಂತೆ, ಜೊತೆಗೆ ಇನ್ನೂ ಏನೋ. ಆಪರೇಷನ್ ಆಗಬೇಕು. ಒಂದು ವರ್ಷ ಆಟವಿಲ್ಲ. ಲೀಮಾಕ್ಕೆಂದು ಹೊಲಿಸಿದ ನೀಲಿ ಕೋಟು ಬಾಗಿಲ ಹಿಂದೆ ನೇತಾಡುತ್ತಿದೆ. ತೆಗೆದಿಡಲೇ ಎಂದರೆ, "ಇರಲಿ ಅಮ್ಮ" ಅನ್ನುತ್ತಾನೆ.

ಸರಿಯಾಗುತ್ತದೆಯೇ? ನಿಜ ಬರೆ.

ಅಮ್ಮ


ಸ್ಯಾನ್ ಡಿಯಾಗೋ
ಸೆಪ್ಟೆಂಬರ್ 30, 2022

ಅಮ್ಮಾ,

ಹೋದ ವರ್ಷ ನೀನು ನಿಜ ಬರೆ ಅಂದಿದ್ದೆ. ನಾನು ಬರೆಯಲಿಲ್ಲ. ಗೊತ್ತಿರಲಿಲ್ಲ ಅನ್ನುವುದು ಅರ್ಧ ಕಾರಣ.

ಕ್ಲಬ್ಬು ಅವನ ಕಾಂಟ್ರ್ಯಾಕ್ಟ್ ಮುಂದುವರಿಸಲಿಲ್ಲವೆಂದು ನೀನು ಕಳಿಸಿದ ಸಾಲು ತಲುಪಿತು. ಎಲ್ಮೆರ್ ಈಗ ನನ್ನ ಮನೆಯಲ್ಲಿದ್ದಾನೆ. ಇಲ್ಲಿನ ಕೆಳದರ್ಜೆಯ ತಂಡವೊಂದು ಟ್ರಯಲ್ ನೋಡಿ ತೆಗೆದುಕೊಂಡಿದೆ. ಕಾಂಟ್ರ್ಯಾಕ್ಟ್ ಇರುವಷ್ಟು ದಿನ ಮಾತ್ರ ವೀಸಾ. ಅದು ತಪ್ಪಿದರೆ ದೇಶ ಬಿಡಬೇಕು, ಬಿಟ್ಟರೆ ಈ ಮಂಡಿಗೆ ಅಲ್ಲಿ ಯಾರೂ ಕೆಲಸ ಕೊಡುವುದಿಲ್ಲ ಎಂದು ಅವನೇ ಹೇಳುತ್ತಾನೆ.

ಅವನು ಬಂದ ಮೇಲೆ ಮನೆಯಲ್ಲಿ ಮಾತು ಕೇಳಿಸುತ್ತಿದೆ. ನೀನು ಕೊಟ್ಟ ಮಸಾಲೆ ಹುಡಿ ತಂದಿದ್ದಾನೆ. ನನಗೆ ಮೀನು ಮಾಡಲು ಕಲಿಸುತ್ತಿದ್ದಾನೆ, ನಿನ್ನ ಹಾಗೆಯೇ ಬೈಯುತ್ತಾನೆ.

ಸುಜಿತ್


ಸ್ಯಾನ್ ಡಿಯಾಗೋ
ಏಪ್ರಿಲ್ 23, 2023

ಅಮ್ಮಾ,

ನೀನು ಎಲ್ಮೆರನ ಆಟ ಹೇಗಿದೆ ಎಂದು ಕೇಳುತ್ತೀಯ. ಜನ ಚಪ್ಪಾಳೆ ತಟ್ಟುತ್ತಾರೆ. ಮೊದಲಿನ ಹಾಗೆ ನಿಂತು ತಿರುಗುವುದಿಲ್ಲ, ಚೆಂಡು ಬಂದ ಕೂಡಲೇ ಇನ್ನೊಬ್ಬನಿಗೆ ಕೊಟ್ಟುಬಿಡುತ್ತಾನೆ. ಈಗ ಪಕ್ವವಾಗಿದ್ದಾನೆ ಎಂದು ಹಿಂದಿನ ಸಾಲಿನವರು ಮೆಚ್ಚಿ ಹೇಳುತ್ತಿದ್ದರು. ಬಲಗಾಲಿನ ಮೇಲೆ ಭಾರ ಹಾಕಲು ಅವನಿಗೆ ಹೆದರಿಕೆ ಎಂಬುದು ನನಗೆ ಗೊತ್ತು.

ಆಟ ಮುಗಿದ ಮೇಲೆ ಮಂಡಿ ಊದಿ ತೆಂಗಿನಕಾಯಿಯ ಹಾಗಾಗುತ್ತದೆ. ಗಡಿ ದಾಟಿದರೆ ಮೆಕ್ಸಿಕೋದ ತಿಹುವಾನಾ. ಅಲ್ಲೊಂದು ಸಣ್ಣ ಕ್ಲಿನಿಕ್ಕಿನಲ್ಲಿ ನೀರು ತೆಗೆದು ಇಂಜೆಕ್ಷನ್ ಕೊಡುತ್ತಾರೆ. ತಂಡದ ಡಾಕ್ಟರಿಗೆ ತಿಳಿಯದು. ಹೋದ ತಿಂಗಳು ನಾನೇ ಡ್ರೈವ್ ಮಾಡಿಕೊಂಡು ಕರೆದುಕೊಂಡು ಹೋದೆ. ಬಂದ ಮೇಲೆ ಒತ್ತಾಯ ಮಾಡಿ ಅವನಿಗೊಂದು ಸ್ಕ್ಯಾನ್ ಮಾಡಿಸಿ, ನಮ್ಮ ಆಸ್ಪತ್ರೆಯ ಮೂಳೆ ಡಾಕ್ಟರಿಗೆ ಇಬ್ಬರೂ ತೋರಿಸಿದೆವು. ಕೀಲಿನೊಳಗಿನ ಮೆತ್ತೆ ಸವೆದುಹೋಗಿದೆ, ಮೂಳೆಗೆ ಮೂಳೆ ಉಜ್ಜುತ್ತಿದೆ. ಈಗ ನಿಲ್ಲಿಸಿದರೆ ನಡೆದಾಡಿಕೊಂಡಿರಬಹುದು. ಹೀಗೇ ಆಡಿದರೆ ನಲವತ್ತರೊಳಗೆ ಊರುಗೋಲು.

ವಾಪಸ್ ಬರುವಾಗ ಕಾರಿನಲ್ಲಿ ಕೇಳಿದೆ, "ಕೇಳಿಸ್ಕೊಂಡೆಯಲ್ಲ ಎಲ್ಮೆರ್?"

"ಕೇಳಿಸಿತು. ನಲವತ್ತಕ್ಕೆ ಇನ್ನೂ ತುಂಬ ವರ್ಷ ಇದೆ."

"ನಾಳೆಯೇ ಆಗಬಹುದು ಅಂದರಲ್ಲ."

"ಸುಜಿತ್, ನಿನಗೆ ಈ ಆಸ್ಪತ್ರೆ ಬಿಟ್ಟರೆ ಬೇರೆ ಆಸ್ಪತ್ರೆ ಉಂಟು. ನನಗೆ ಎಂತ ಉಂಟು?"

'ಎಂತ' ಅನ್ನುವುದನ್ನು ನಿನ್ನಿಂದ ಕಲಿತಿದ್ದಾನೆ. ಎಲ್ಲಿ ಸೇರಿಸಬೇಕೆಂದೂ ಕಲಿತಿದ್ದಾನೆ.

ಸುಜಿತ್


ರೆಡೊಂಡೊ ಬೀಚ್
ಮೇ 2, 2023

ಸುಜಿತ್,

ಅವನು ಆಡಲಿ. ಕಾಲು ಅವನದು. ನೋವು ತಿನ್ನುವವನು ಅವನು. ತಾಯಿಯ ಮಣ್ಣಿಗೂ ಹೋಗದೆ ಇಲ್ಲಿ ಉಳಿದದ್ದು ಈ ಆಟಕ್ಕಾಗಿ. ಅದನ್ನೂ ಕಸಿದರೆ ಅವನ ಹತ್ತಿರ ಮತ್ತೇನೂ ಉಳಿಯುವುದಿಲ್ಲ.

ಡಾಕ್ಟರುಗಳು ಹೇಳಿದ್ದೆಲ್ಲ ಆಗಲೇಬೇಕೆಂದಿಲ್ಲ. ಇನ್ನೊಂದು ವಾರ ಬಿಟ್ಟಿದ್ದರೆ ಅಪ್ಪ ಕಣ್ಣು ತೆರೆಯುತ್ತಿದ್ದರೋ ಏನೋ ಎಂದು ನಾನು ಈಗಲೂ ಯೋಚಿಸುತ್ತೇನೆ. ಯಾರಿಗೆ ಗೊತ್ತು? ನಿನಗೂ ಗೊತ್ತಿಲ್ಲ.

ಅವನನ್ನು ತಿಹುವಾನಾಕ್ಕೆ ಕರೆದುಕೊಂಡು ಹೋಗು. ಬೇಡದ್ದಕ್ಕೆ ಕೈ ಹಾಕಬೇಡ.

ಅಮ್ಮ


ಸ್ಯಾನ್ ಡಿಯಾಗೋ
ಜುಲೈ 16, 2023

ಅಮ್ಮಾ,

ಬೇರೆ ಯಾರಿಂದಲೋ ನಿನಗೆ ತಿಳಿಯುವುದು ಬೇಡ. ತಂಡದ ಡಾಕ್ಟರಿಗೆ ನಾನು ಹೇಳಿದೆ.

ಕಳೆದ ಶನಿವಾರದ ಆಟದಲ್ಲಿ ಅವನು ಬಿದ್ದ. ಎದ್ದು ನಕ್ಕ. ಜನ ಚಪ್ಪಾಳೆ ತಟ್ಟಿದರು. ಮನೆಗೆ ಬಂದು ಅಡುಗೆಮನೆಯ ಕುರ್ಚಿಯಲ್ಲಿ ಕೂತ. ಎಷ್ಟು ಹೊತ್ತಾದರೂ ಏಳಲಿಲ್ಲ. ಏನೆಂದು ಕೇಳಿದೆ. ತಲೆ ತಗ್ಗಿಸಿಕೊಂಡೇ, "ಸಾಕ್ಸ್ ತೆಗೆದುಕೊಡ್ತೀಯಾ?" ಅಂದ. ಅವನಿಗೆ ಬಗ್ಗಲು ಆಗುತ್ತಿರಲಿಲ್ಲ. ನಾನು ನೆಲದಲ್ಲಿ ಕೂತು ತೆಗೆದೆ. ತೆಗೆಯುವಾಗ ಹಲ್ಲು ಕಚ್ಚಿ ಹಿಡಿದ ಸದ್ದು ಕೇಳಿಸಿತು. ಆಮೇಲೆ ಸೋಮವಾರ ತಿಹುವಾನಾಕ್ಕೆ ಬರ್ತೀಯಲ್ಲ ಎಂದ.

ಸೋಮವಾರ ಬೆಳಿಗ್ಗೆ ತಂಡದ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಮತ್ತೆ ಸ್ಕ್ಯಾನ್ ಮಾಡಿಸಿದರು. ಎರಡು ದಿನದಲ್ಲಿ ಕಾಂಟ್ರ್ಯಾಕ್ಟ್ ಮುಗಿಸಿದರು. ಇನ್ನು ಅವನನ್ನು ಯಾವ ಡಾಕ್ಟರೂ ಪಾಸ್ ಮಾಡುವುದಿಲ್ಲ.

ಹೇಳಿದ್ದು ನಾನೇ ಎಂದು ನಾನೇ ಅವನಿಗೆ ಹೇಳಿದೆ. ಕೂಗಾಡುತ್ತಾನೆಂದುಕೊಂಡಿದ್ದೆ. "ನೀನು ಯಾರು ನನಗೆ?" ಎಂದು ಮೆಲ್ಲಗೆ ಕೇಳಿದ. ಉತ್ತರಕ್ಕೆ ನಿಜವಾಗಿಯೂ ಕಾದ. ಆಮೇಲೆ ಬಟ್ಟೆ ತುಂಬಿಕೊಂಡು ಚೂಲಾ ವಿಸ್ಟಾದ ಗೆಳೆಯನ ಮನೆಗೆ ಹೋದ. ಮೆಟ್ಟಿಲು ಇಳಿಯುವಾಗ ಚೀಲ ಹಿಡಿಯಲು ಹೋದೆ, ಕೊಡಲಿಲ್ಲ.

ಸುಜಿತ್


ರೆಡೊಂಡೊ ಬೀಚ್
ಜುಲೈ 20, 2023

ಸುಜಿತ್,

ಅಂದೂ ನೀನೇ, ಇಂದೂ ನೀನೇ. ಸಾಕು ಎಂದು ಹೇಳುವ ಅಧಿಕಾರ ನಿನಗೆ ಕೊಟ್ಟವರು ಯಾರು?

ವನಜಾಕ್ಷಿ


ಸ್ಯಾನ್ ಡಿಯಾಗೋ
ನವೆಂಬರ್ 26, 2023

ಅಮ್ಮಾ,

ನಾಲ್ಕು ತಿಂಗಳು ಈ ಪ್ರಶ್ನೆಯನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಎಲ್ಮೆರನ ವಿಷಯದಲ್ಲಿ ಯಾರೂ ಕೊಡಲಿಲ್ಲ. ಅದು ನಿಜ. ನಾನಾಗಿ ತೆಗೆದುಕೊಂಡೆ.

ಅಪ್ಪನ ವಿಷಯದಲ್ಲಿ ಕೊಟ್ಟವಳು ನೀನು. ಡಾಕ್ಟರು ಮೊದಲು ನಿನ್ನನ್ನೇ ಕೇಳಿದರು. ಮಗನಿಗೆ ಗೊತ್ತಾಗುತ್ತದೆ, ಅವನನ್ನು ಕೇಳಿ ಎಂದು ನೀನು ಫೋನ್ ಇಟ್ಟೆ. ಅವರು ನನಗೆ ಫೋನ್ ಮಾಡಿದಾಗ ನಾನು ವಾರ್ಡಿನಲ್ಲಿ, ಇನ್ಯಾರದೋ ಅಪ್ಪನ ಪಕ್ಕದಲ್ಲಿ ನಿಂತಿದ್ದೆ. ಅಂಕಿಗಳನ್ನು ಒಂದೊಂದಾಗಿ ಓದಿದರು. ಕಿಡ್ನಿ ನಿಂತಿತ್ತು, ಶ್ವಾಸಕೋಶ ಕಲ್ಲಾಗಿತ್ತು. ಅಂಥ ಅಂಕಿಗಳನ್ನು ಆ ಚಳಿಗಾಲದಲ್ಲಿ ದಿನವೂ ನೋಡುತ್ತಿದ್ದೆ, ಅಂಥವರು ಯಾರೂ ಮನೆಗೆ ಹೋದದ್ದು ನೋಡಿರಲಿಲ್ಲ. ಗೊತ್ತಿಲ್ಲದವನಾಗಿದ್ದರೆ ಇನ್ನೊಂದು ವಾರ ನೋಡಿ ಅನ್ನುತ್ತಿದ್ದೆ. ನೀನೂ ನಾನೂ ಆ ಒಂದು ವಾರ ಒಟ್ಟಿಗೆ ಅಳಬಹುದಿತ್ತು.

ನಿನ್ನ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ಅವತ್ತು ನಿನ್ನಿಂದ ಹೇಳಲು ಆಗುತ್ತಿರಲಿಲ್ಲ, ಅದು ನನಗೆ ಆಗಲೂ ಗೊತ್ತಿತ್ತು. ಅದಕ್ಕೇ ನಾನು ಹೇಳಿದೆ.

ಎಲ್ಮೆರ್ ನನ್ನ ಫೋನ್ ತೆಗೆಯುವುದಿಲ್ಲ. ಇನ್ನೆರಡು ಕಡೆ ಟ್ರಯಲ್‌ಗೆ ಹೋಗಿದ್ದನಂತೆ, ಮಂಡಿ ನೋಡಿಯೇ ಕಳಿಸಿದರಂತೆ. ನಾನಾಗಿ ಇನ್ನು ನಿನಗೆ ಬರೆಯುವುದಿಲ್ಲ. ಬೇಸರದಿಂದಲ್ಲ, ಹೇಳುವುದು ಮುಗಿಯಿತು.

ಸುಜಿತ್


ರೆಡೊಂಡೊ ಬೀಚ್
ಫೆಬ್ರವರಿ 11, 2024

ಸುಜಿತ್,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಬಹಳ ಸಲ ಕೂತೆ, ಬರಲಿಲ್ಲ. ಇವತ್ತು ಎಲ್ಮೆರ್ ಬಂದಿದ್ದ. ಅದನ್ನು ಹೇಳುತ್ತೇನೆ.

ಹಿತ್ತಿಲ ಕೋಣೆಯಲ್ಲಿ ಉಳಿದಿದ್ದ ಸಾಮಾನು ತೆಗೆದುಕೊಂಡು ಹೋಗಲು ಮಧ್ಯಾಹ್ನ ಬಂದ. ವೀಸಾ ಮುಗಿದು ಎಷ್ಟೋ ತಿಂಗಳಾಯಿತು, ಬುಧವಾರ ಊರಿಗೆ ವಿಮಾನವಂತೆ. ಬಾಗಿಲ ಮೂರು ಮೆಟ್ಟಿಲು ಹತ್ತಲು ಗೋಡೆ ಹಿಡಿದ. ಮೊದಲು ಅದನ್ನು ಒಂದೇ ನೆಗೆತಕ್ಕೆ ಹತ್ತುತ್ತಿದ್ದ, ಅಪ್ಪ ಬೈಯುತ್ತಿದ್ದರು. ಊಟ ಮಾಡಿ ಹೋಗು ಎಂದೆ. ಬೇಡವೆಂದ. ಮೀನು ಉಂಟು ಎಂದೆ. ಕೂತ.

ಊರಲ್ಲಿ ಎಂತ ಮಾಡುತ್ತಿ ಎಂದು ಕೇಳಿದೆ. ನೆಲ್ಲಿಯ ಗಂಡನಿಗೆ ಒಂದು ದೋಣಿ ಉಂಟಂತೆ. "ಆದರೆ ನನಗೆ ದೋಣಿ ಹತ್ತಿದರೆ ವಾಂತಿ ಆಗ್ತದೆ" ಎಂದ. ಇಬ್ಬರೂ ನಗಲಿಕ್ಕೆ ಹೊರಟೆವು, ಆಗಲಿಲ್ಲ.

ಆಮೇಲೆ ಅನ್ನದ ಮೇಲೆ ಕೈ ಇಟ್ಟುಕೊಂಡೇ ಹೇಳಿದ, "ನಿಮ್ಮ ಮಗ ನನ್ನ ಆಟವನ್ನು ಕೊಂದ."

ಹೌದು ಎಂದು ಹೇಳಲು ನಾನು ಬಾಯಿ ತೆರೆದದ್ದು ನಿಜ. ಇಷ್ಟು ದಿನ ನನ್ನೊಳಗೆ ಇದ್ದದ್ದೂ ಅದೇ ಮಾತು, ಆಟದ ಜಾಗದಲ್ಲಿ ಅಪ್ಪನ ಹೆಸರು. ಆದರೆ ಇನ್ನೊಬ್ಬರ ಬಾಯಲ್ಲಿ ಅದನ್ನು ಕೇಳಿದಾಗ ನನ್ನ ಮೈ ಉರಿಯಿತು.

"ಹಾಗೆ ಹೇಳಬೇಡ. ಅವನು ಕೊಲ್ಲಲಿಲ್ಲ. ಅದು ಮೊದಲೇ ಮುಗಿದಿತ್ತು. ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳಿದವನು ಅವನೊಬ್ಬ. ನಾವು ಹೇಳದೆ ಬಿಟ್ಟದ್ದಕ್ಕೆ ಅವನು ಹೇಳಬೇಕಾಯಿತು."

ನನ್ನ ಹರುಕು ಇಂಗ್ಲಿಷಿನಲ್ಲಿ, ನಡುವೆ ಕನ್ನಡ, ತುಳು ಎಲ್ಲ ಬೆರೆಸಿ ಹೇಳಿದೆ. ಎಷ್ಟು ಅರ್ಥವಾಯಿತೋ. ಕೊನೆಗೆ ನಾನು ಮಾತಾಡುತ್ತಿದ್ದದ್ದು ಅವನ ಮಂಡಿಯ ವಿಷಯವಾಗಿ ಉಳಿದಿರಲಿಲ್ಲ. ಅವನಿಗೂ ಅದು ತಿಳಿಯಿತೆಂದು ಕಾಣುತ್ತದೆ, ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಅಳುತ್ತಿದ್ದೆನಂತೆ. "ಅಳಬೇಡಿ" ಎಂದ.

ಅವನು ಒಪ್ಪಲಿಲ್ಲ, ಸುಜಿತ್. ನೀನು ಏನೋ ಆಸೆ ಇಟ್ಟುಕೊಳ್ಳಬಾರದೆಂದು ಬರೆಯುತ್ತಿದ್ದೇನೆ. ಉಂಡು, ಬಟ್ಟಲು ತೊಳೆದಿಟ್ಟು, ಪೆಟ್ಟಿಗೆ ಎಳೆದುಕೊಂಡು ಹೋದ. ನಿನ್ನ ಬಗ್ಗೆ ಏನೂ ಕೇಳಲಿಲ್ಲ. ಕಾರು ತಿರುಗುವವರೆಗೆ ನಾನು ಅಂಗಳದಲ್ಲಿ ನಿಂತಿದ್ದೆ, ಅವನು ಹಿಂದೆ ನೋಡಲಿಲ್ಲ. ಇಪ್ಪತ್ತೇಳಕ್ಕೆ ಎಲ್ಲ ಮುಗಿದವನ ಹತ್ತಿರ ಕ್ಷಮೆ ಕೇಳಲು ನನಗೂ ನಾಲಿಗೆ ಹೊರಳಲಿಲ್ಲ.

ನೀನು ಮಾಡಿದ್ದು ಸರಿ ಎಂದು ಬರೆಯಲು ಈಗಲೂ ನನ್ನ ಕೈ ಏಳುವುದಿಲ್ಲ. ಇಷ್ಟು ಬರೆಯುತ್ತೇನೆ. ಅಂದು ಡಾಕ್ಟರಿಗೆ ನಾನೇ ಉತ್ತರ ಕೊಟ್ಟಿದ್ದರೆ ಸಾಕು ಎನ್ನುತ್ತಿರಲಿಲ್ಲ. ಅಪ್ಪ ಆ ನಳಿಗೆಗಳ ನಡುವೆಯೇ ಮಲಗಿರುತ್ತಿದ್ದರು, ನಾನು ಮನೆಯಲ್ಲಿ ಕೂತು ಅದನ್ನು ಬದುಕು ಎಂದುಕೊಂಡಿರುತ್ತಿದ್ದೆ.

ರಜೆ ಸಿಕ್ಕಿದ ದಿನ ಬಾ. ಫೋನ್ ಮಾಡಿ ಬರಬೇಕೆಂದಿಲ್ಲ. ನಾನು ಏನೂ ಕೇಳುವುದಿಲ್ಲ, ನೀನೂ ಹೇಳಬೇಡ. ಮೂರು ವರ್ಷದಿಂದ ಈ ಮನೆಯಲ್ಲಿ ಅಪ್ಪನಿಗಾಗಿ ನಾನೊಬ್ಬಳೇ ಅಳುತ್ತಿದ್ದೇನೆ.

ಅಮ್ಮ